ಲಿನಕ್ಸ್ ಹಾಕಿದ ಭಾನುವಾರ

ತುಮಕೂರಿನಷ್ಟು ದೊಡ್ಡ ಊರಿನಲ್ಲಿ, ವಿಂಡೋಸ್ ಬದಲು ಕಂಪ್ಯೂಟರಿಗೆ ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸ್ ಬಗ್ಗೆ ಎರಡು ಮಾತಾಡಲು ಒಂದು ನರಪಿಳ್ಳೆಯೂ ಸಿಗುವುದಿಲ್ಲ ಎಂಬುದು ಏಜಾಜ್ ಅಹಮದರ ಬಹುಕಾಲದ ಕೊರಗು. ಇಂಜಿನಿಯರಿಂಗ್ ಕಾಲೇಜೊಂದರ ಮೆಕ್ಯಾನಿಕಲ್ ಲ್ಯಾಬಿನಲ್ಲಿ ಅವರು ಇನ್‌ಸ್ಟ್ರಕ್ಟರ್. ತೊಲೆ ಎಷ್ಟು ಭಾರಕ್ಕೆ ಬಾಗುತ್ತದೆ, ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ, ಎಲ್ಲವನ್ನೂ ಪುಕ್ಕಟೆ ಸಿಗುವ, ಒಳಗಿನ ಕೋಡನ್ನೂ ಬಿಚ್ಚಿ ತೋರಿಸುವ ಸಾಫ್ಟ್‌ವೇರಿನಲ್ಲೇ ಲೆಕ್ಕ ಹಾಕಬಹುದು ಎಂದು ಅವರು ಸಾರದ ದಿನವಿಲ್ಲ.

"ಫ್ರೀ ಅಂತೀರಲ್ಲ ಸಾರ್, ನಮ್ದೂ ಫ್ರೀನೇ. ಕಳ್ಳ ಕಾಪಿಗೆ ಯಾರು ದುಡ್ಡು ಕೊಡ್ತಾರೆ?" ಎಂದ ಗುಬ್ಬಿಯಿಂದ ದಿನಾ ಬಂದುಹೋಗುವ ಸಹೋದ್ಯೋಗಿ ಕಾಂತೇಶ್. ಸ್ಟಾಫ್ ರೂಮೆಲ್ಲ ನಕ್ಕಿತು. ಏಜಾಜ್ ಒಬ್ಬರೇ ಹೋಗಿ ಟೀ ಕುಡಿದು ಬಂದರು.

ಟೀ ಅಂಗಡಿಯಲ್ಲೇ ಆ ಮಹಾಯೋಜನೆ ಹೊಳೆದದ್ದು. ಬರುವ ಭಾನುವಾರ ಹತ್ತು ಗಂಟೆಗೆ, ಶಿರಾ ಗೇಟ್ ಹತ್ತಿರದ ತಮ್ಮ ಮನೆಯಲ್ಲೇ ಲಿನಕ್ಸ್ ಮೇಳ! ಲ್ಯಾಪ್‌ಟಾಪ್ ತನ್ನಿ, ಹಾಕಿಸಿಕೊಂಡು ಹೋಗಿ. ವಾಟ್ಸಾಪಿನಲ್ಲಿ ಮೂವತ್ತನಾಲ್ಕು ಹೆಬ್ಬೆರಳು ಎದ್ದವು. ಹೆಂಡತಿ ಸಲೀಮಾ ನೂರು ಸಮೋಸ ಕರಿದಳು.

ಹತ್ತಾಯಿತು. ಹನ್ನೊಂದಾಯಿತು. ಹನ್ನೆರಡಕ್ಕೆ ಯಾರೋ ಬಾಗಿಲು ತಟ್ಟಿದರು. ಏಜಾಜ್ ಕಾಲರ್ ಸರಿಮಾಡಿಕೊಂಡು ಓಡಿದರು. ನೀರಿನ ಕ್ಯಾನಿನವನು. (ಅವನ ಕೈಗೂ ಎರಡು ಸಮೋಸ ಕೊಟ್ಟು, ಲ್ಯಾಪ್‌ಟಾಪ್ ಇದೆಯೇ ಎಂದು ವಿಚಾರಿಸಿದರು.) ಆಮೇಲೆ ಯಾರೂ ಬರಲಿಲ್ಲ. ನಿಜ ಹೇಳಬೇಕೆಂದರೆ, ಒಂದು ಗಂಟೆಯ ಹೊತ್ತಿಗೆ ಅವರ ಕಣ್ಣು ತುಂಬಿತ್ತು.

"ಏನ್ರೀ, ನಂದಕ್ಕೇ ಹಾಕಿ" ಎಂದು ಸಲೀಮಾ ತನ್ನ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು.

ಡಿಸೈನಿನ ಫೈಲು ಓದಿ ತಾನೇ ಹೊಲಿಯುವ ಮಿಷನ್ನಿನಲ್ಲಿ ಬ್ಲೌಸ್ ತೋಳಿಗೆ ಎಂಬ್ರಾಯ್ಡರಿ ಹಾಕಿಕೊಡುವ ಅವಳ ನೂರಾನಲವತ್ತು ಡಿಸೈನುಗಳೂ ಅದರಲ್ಲಿದ್ದವು. ಕೊನೆಗೂ ಒಬ್ಬ ಶ್ರೋತೃ ಸಿಕ್ಕ ಸಂಭ್ರಮದಲ್ಲಿ ಏಜಾಜ್ ಪ್ರವಚನಕ್ಕಿಳಿದರು. ಮಾತಿನ ಭರದಲ್ಲಿ 'ಇಡೀ ಡಿಸ್ಕ್ ಅಳಿಸು' ಎಂಬುದನ್ನು ಒತ್ತಿಯೂಬಿಟ್ಟರು. ಡಿಸೈನುಗಳನ್ನು ಮೊದಲು ತೆಗೆದಿಡಬೇಕಿತ್ತೆಂದು ನೆನಪಾಗುವಷ್ಟರಲ್ಲಿ ಡಿಸ್ಕ್ ಗುಡಿಸಿಟ್ಟ ಅಂಗಳವಾಗಿತ್ತು.

ಮನೆಮಾತು ಉರ್ದುವಾದರೂ ಸಲೀಮಾ ಜಗಳವಾಡುವುದು ಕನ್ನಡದಲ್ಲಿ. (ಅಕ್ಕಪಕ್ಕದವರಿಗೂ ಮುಕ್ತವಾಗಿರಲಿ ಎಂಬ ಉದಾರ ನೀತಿ.) ಅವತ್ತು ಯಾವ ಭಾಷೆಯಲ್ಲೂ ಜಗಳವಾಗಲಿಲ್ಲ. "ಹೋಯ್ತಲ್ಲ. ಎಲ್ಲಾನೂ ನೀವೇ ಮತ್ತೆ ಬಿಡ್ಸಿ ಕೊಡಿ" ಎಂದಳು, ಅಷ್ಟೇ.

ಏಜಾಜ್ ಶಿಕ್ಷೆಯನ್ನು ಶಿರಸಾವಹಿಸಿದರು. ದಿನಾ ಸಂಜೆ ಕಾಲೇಜಿನಿಂದ ಬಂದವರೇ, ಪ್ರಾಯಶ್ಚಿತ್ತಕ್ಕೆಂದು ಪಾತ್ರೆ ತೊಳೆದು, ಲಿನಕ್ಸಿನಲ್ಲಿ ಡಿಸೈನು ಬಿಡಿಸಲು ಕೂರುವರು. ಪಕ್ಕದಲ್ಲಿ ಸಲೀಮಾ.

"ಇದೇನ್ರೀ ಮಾವಿನಕಾಯಿ, ಬದನೆಕಾಯಿ ಥರ ಇದೆ!"

"ಎಷ್ಟು ಮಿಲಿಮೀಟರ್ ಅಂತ ಹೇಳೇ."

"ಮಾವಿನಕಾಯಿಗೆ ಯಾರ್ರೀ ಮಿಲಿಮೀಟರ್ ಹಾಕ್ತಾರೆ? ಹೊಟ್ಟೆ ಒಂಚೂರು ಒಳಗೆ ತಗೊಳ್ಳಿ."

ಏಜಾಜ್ ಗಾಬರಿಯಾಗಿ ತಮ್ಮ ಹೊಟ್ಟೆಯನ್ನೇ ಒಳಗೆಳೆದುಕೊಂಡರು. ಸಲೀಮಾ ಕೆಮ್ಮು ಬರುವಷ್ಟು ನಕ್ಕಳು.

ಮೂರು ವಾರದಲ್ಲಿ ಅರವತ್ತು ಡಿಸೈನು ಮುಗಿದವು. ಅದೊಂದು ಸಂಜೆ, ಜರಿದಾರ ತರಲು ಎಂಬ್ರಾಯ್ಡರಿ ಮಿಷನ್ ಹತ್ತಿರ ಹೋದ ಏಜಾಜರಿಗೆ ಅದರ ಪಕ್ಕೆಗೆ ಚುಚ್ಚಿದ್ದ ಪೆನ್‌ಡ್ರೈವ್ ಕಾಣಿಸಿತು. ಕಿತ್ತು ತಂದು ನೋಡಿದರೆ, ನೂರಾನಲವತ್ತೂ ಡಿಸೈನು ಇದ್ದಲ್ಲೇ ಇವೆ! ಡಿಸೈನೆಲ್ಲ ಅಳಿಸಿಹೋದ ಮೇಲೂ ಮಿಷನ್ ಹಗಲೆಲ್ಲ ಹೇಗೆ ಓಡುತ್ತಿತ್ತು ಎಂಬ ಪ್ರಶ್ನೆ ಲ್ಯಾಬಿನ ಆ ತಲೆಗೆ ಆಗ ಬಂತು.

"ಲೇ ಸಲೀಮಾ! ಮೂರು ವಾರದಿಂದ ನನ್ ಕೈಲಿ ಪಾತ್ರೆ ತೊಳೆಸ್ತಿದೀಯಲ್ಲೇ!"

"ನೀವು ಮೇಳ ಅಂದ ದಿನಾನೇ ಕಾಪಿ ಮಾಡ್ಕೊಂಡೆ. ನಿಮ್ ಕೈ ನಂಗೊತ್ತಿಲ್ವಾ?"

"ಹೇಳ್ಬಾರ್ದಾಗಿತ್ತಾ?"

ಸೂಜಿಗೆ ದಾರ ಪೋಣಿಸುತ್ತಿದ್ದ ಸಲೀಮಾ ತಲೆಯೆತ್ತಲಿಲ್ಲ. "ಒಂದು ಭಾನುವಾರ ಯಾರೂ ಬರ್ಲಿಲ್ಲ ಅಂತ ಅಳೋ ಹಂಗಾಗಿದ್ರಿ. ನಾನು ಹದಿನೇಳು ವರ್ಷದಿಂದ ಆ ಮಿಷನ್ ಜೊತೆ ಮಾತಾಡ್ಕೊಂಡಿದೀನಿ. ಹೇಳಿದ್ದಿದ್ರೆ ನೀವು ನನ್ ಪಕ್ಕ ಕೂರ್ತಿದ್ರಾ?"

ತಾನೊಬ್ಬನೇ ಒಂಟಿ ಎಂದು ಊರಿನ ಮೇಲೆಲ್ಲ ಮುನಿಸಿಕೊಂಡಿದ್ದ ಮನುಷ್ಯನಿಗೆ ನಾಚಿಕೆಯಾಯಿತು. ಪೆನ್‌ಡ್ರೈವನ್ನು ಅವಳ ಮುಂದಿಟ್ಟು ಮೆಲ್ಲಗೆ ಕೇಳಿದರು: "ಹಂಗಾದ್ರೆ... ನಾಳೆಯಿಂದ ಬಿಡ್ಸೋದು ಬೇಡ್ವಾ?"

"ಯಾರು ಹಂಗಂದಿದ್ದು? ಇನ್ನೂ ಎಂಬತ್ತಿದೆ."

ಏಜಾಜ್ ಹಿಗ್ಗಿಹೋಗಿ ಕುರ್ಚಿಯನ್ನು ಒಂದು ಗೇಣು ಅವಳತ್ತ ಎಳೆದುಕೊಂಡರು.

"ಮೊದ್ಲು ಸಿಂಕ್ ಖಾಲಿ ಮಾಡ್ಕೊಂಡು ಬನ್ನಿ" ಎಂದಳು ಸಲೀಮಾ.