ಇವತ್ತಿನ ಫೋಟೋ ಆಯ್ತು

"ಕಚಕ್!"

ವಿಜಯನಗರದಲ್ಲಿದ್ದ ನಮ್ಮ ಅಕ್ಕನ ಮನೆಯಲ್ಲಿ ದಿನಕ್ಕೊಂದು ಸಲ ಈ ಶಬ್ದ ಕೇಳುತ್ತಿತ್ತು. ಕುಕ್ಕರಿನ ಸೀಟಿ, ಮಹಡಿ ಮನೆಯವರ ಮಿಕ್ಸಿ, ಬೀದಿಯಲ್ಲಿ ಸೊಪ್ಪಿನವಳ ಕೂಗು, ಇಷ್ಟೆಲ್ಲದರ ನಡುವೆಯೂ ಅದು ಕಿವಿಗೆ ಬೀಳುತ್ತಿತ್ತು. ಫೋನಿನ ಕ್ಯಾಮೆರಾ ಸದ್ದನ್ನು ಮ್ಯೂಟ್ ಮಾಡಬಹುದೆಂದು ಎಷ್ಟು ಜನ ಹೇಳಿಕೊಟ್ಟರೂ ನಮ್ಮ ಭಾವ ಒಪ್ಪಲಿಲ್ಲ. "ಕದ್ದು ತೆಗೆಯೋದಕ್ಕೆ ನಾನೇನು ಡಿಟೆಕ್ಟಿವ್ವಾ?" ಎನ್ನುತ್ತಿದ್ದರು.

ನಮ್ಮ ಭಾವನಂಥ ಫೋಟೋಗ್ರಾಫರ್ ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲವೆಂದು ನಾನು ಬೆಟ್ ಕಟ್ಟಲು ತಯಾರು. ಹುಲಿಯ ಫೋಟೋ ತೆಗೆದವರಿದ್ದಾರೆ, ಚಂದ್ರನ ಫೋಟೋ ತೆಗೆದವರಿದ್ದಾರೆ. ಆದರೆ ಹೆಂಡತಿಯ ಜೊತೆ ಒಂದೇ ಸೂರಿನಡಿ ಇದ್ದುಕೊಂಡು, ವರ್ಷಗಟ್ಟಲೆ ದಿನಕ್ಕೊಂದು ಫೋಟೋ ತೆಗೆದು, ಅದರಲ್ಲಿ ಒಂದರಲ್ಲೂ ಆಕೆಯ ಮುಖ ಬೀಳದಂತೆ ನೋಡಿಕೊಂಡವರು ಯಾರಾದರೂ ಇದ್ದಾರೆಯೇ? ಅದಕ್ಕೆ ಎಷ್ಟು ಸ್ಕಿಲ್ ಬೇಕು, ಯೋಚಿಸಿ!

ಭಾವ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಕೆಲಸ, ಅದಕ್ಕೆ ಸಂಬಳ ಬೇರೆ. ರಿಟೈರ್ ಆದಾಗ ಮಗಳು ಒಂದು ಸ್ಮಾರ್ಟ್ ಫೋನ್ ತಂದುಕೊಟ್ಟಳು. ಉಳಿದ ಗಂಡಸರು ಅದರಲ್ಲಿ ರಾಜಕೀಯ ಫಾರ್ವರ್ಡ್ ಮಾಡುತ್ತ ಹಾಯಾಗಿರುತ್ತಾರೆ. ಇವರು ರೂಲ್ಸ್ ಮಾಡಿಕೊಂಡು ಕೂತರು. ದಿನಕ್ಕೆ ಒಂದೇ ಫೋಟೋ. ತೆಗೆದದ್ದು ತೆಗೆದದ್ದೇ, ಚೆನ್ನಾಗಿ ಬರಲಿಲ್ಲವೆಂದು ಇನ್ನೊಂದು ತೆಗೆಯುವಂತಿಲ್ಲ. ದಿನನಿತ್ಯದ ಬದುಕು ಮಾತ್ರ. ಹಬ್ಬ, ಮದುವೆ, ದೇವಸ್ಥಾನ ಎಲ್ಲ ಔಟ್. ಮುಖವಂತೂ ಕೂಡದೇ ಕೂಡದು!

"ಯಾಕೆ ಭಾವ, ಮುಖ ಏನು ಪಾಪ ಮಾಡಿದೆ?" ಎಂದು ಕೇಳಿದ್ದೆ.

"ಕ್ಯಾಮೆರಾ ಕಂಡ ತಕ್ಷಣ ಮುಖ ಸುಳ್ಳು ಹೇಳುತ್ತಮ್ಮ. ಪೊರಕೆ ಹೇಳಲ್ಲ."

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್‌ಗಳು ಗ್ರೂಪ್ ಫೋಟೋಗೆ ಮುಂಚೆ "ಚಿನ್ ಅಪ್ ಗರ್ಲ್ಸ್, ಸ್ಮೈಲ್!" ಎಂದು ರಿಹರ್ಸಲ್ ಮಾಡಿಸುತ್ತಿದ್ದರು. ಹಾಗಾದರೆ ನಾವೆಲ್ಲ ಬೆಂಚಿನ ಮೇಲೆ ಸಾಲಾಗಿ ನಿಂತು ಸಾಮೂಹಿಕವಾಗಿ ಸುಳ್ಳು ಹೇಳಿದ್ದೆವೆಂದಾಯಿತು. ಅಕ್ಕ, ನಾನು, ಎಲ್ಲರೂ. ಪೊರಕೆಯೊಂದೇ ಸತ್ಯಸಂಧ!

ತೆಗೆದ ಫೋಟೋ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಬರುತ್ತಿತ್ತು, ಕೆಳಗೆ ವಾರದ ಹೆಸರು ಮತ್ತು ವಸ್ತುವಿನ ಹೆಸರು. "ಮಂಗಳವಾರ. ನೆಲ ಒರೆಸುವ ಬಟ್ಟೆ." "ಬುಧವಾರ. ದೋಸೆ ಹೆಂಚು." ಆ ಹೆಂಚು ನೋಡಿ ಅಕ್ಕ ನಾಚಿಕೆಯಿಂದ ಕುಗ್ಗಿಹೋದಳು.

"ರೀ, ತೊಳೆದ ಮೇಲೆ ತೆಗೀಬಾರ್ದಾಗಿತ್ತಾ? ನಿಮ್ಮ ಕಡೆಯವರೆಲ್ಲ ನೋಡ್ತಾರೆ!"

"ತೊಳೆದ ಮೇಲೆ ತೆಗೆದರೆ ಅದು ಪೋಸ್ ಕೊಟ್ಟ ಹಾಗಾಯ್ತು."

ಹೀಗೆ ನಮ್ಮ ಬಂಧುವರ್ಗಕ್ಕೆ ಅಕ್ಕನ ಮನೆಯ ಸಿಂಕು, ಬಚ್ಚಲು, ಎಣ್ಣೆ ಜಿಡ್ಡು ಎಲ್ಲದರ ದರ್ಶನವಾಯಿತು. ಅಷ್ಟು ವರ್ಷ ಮನೆಯನ್ನು ಕನ್ನಡಿಯ ಹಾಗೆ ಇಟ್ಟುಕೊಂಡವಳಿಗೆ ಸಿಕ್ಕ ರಿವಾರ್ಡ್ ಅದು.

ಒಂದು ಸೋಮವಾರ ಬಂದದ್ದು ಭಾವನ ಆರಾಮಕುರ್ಚಿಯ ಫೋಟೋ. ಕುರ್ಚಿಯ ಕೈಮೇಲೆ ಅವರ ಟವೆಲ್ಲು, ಸೀಟಿನ ಮೇಲೆ ಅವರ ಕನ್ನಡಕ. ಕೆಳಗೆ, "ಸೋಮವಾರ. ಖಾಲಿ ಕುರ್ಚಿ." ನಂದಿನಿ ಲೇಔಟಿನಲ್ಲಿದ್ದ ಸಂಬಂಧಿಕರೊಬ್ಬರು ಮೊದಲು "ಓಂ ಶಾಂತಿ" ಕಳಿಸಿದರು. ಒಬ್ಬರು ಕಳಿಸಿದ ಮೇಲೆ ಕೇಳಬೇಕೇ? ಸಾಲುಸಾಲಾಗಿ ಓಂ ಶಾಂತಿ, ಕೈಮುಗಿದ ಇಮೋಜಿ, "ದೊಡ್ಡ ಜೀವ", "ಒಳ್ಳೆಯ ಸಾವು". ಕೆಂಗೇರಿಯಲ್ಲಿದ್ದ ಭಾವನ ತಂಗಿ ತಲೆಗೆ ನೀರು ಸುರಿದುಕೊಂಡು, ಒದ್ದೆ ಕೂದಲಲ್ಲೇ ಮೆಟ್ರೋ ಹತ್ತಿ, ಗೇಟಿನಿಂದಲೇ ಅಳುತ್ತ ಬಂದರು. ಭಾವ ಜಗಲಿಯಲ್ಲಿ ಕೂತು ಅವರೇಕಾಯಿ ಸುಲಿಯುತ್ತಿದ್ದರು.

"ಯಾರಮ್ಮ ಹೋಗಿದ್ದು?" ಎಂದು ಗಾಬರಿಯಿಂದ ಎದ್ದರು.

"ನೀನೇ ಅಣ್ಣಾ!"

ಅಕ್ಕ ಒಳಗಿನಿಂದ ಬಂದು ಇಬ್ಬರನ್ನೂ ನೋಡಿದಳು. "ಅತ್ತಿದ್ದು ಸಾಕು, ಬಾ. ಇನ್ನೂ ಅರ್ಧ ಚೀಲ ಇದೆ, ನೀನೂ ಸುಲಿ" ಎಂದಳು. ಭಾವನಿಗಂತೂ ತಮ್ಮ ತಪ್ಪೇನೆಂದು ಕೊನೆಗೂ ತಿಳಿಯಲಿಲ್ಲ. ಕುರ್ಚಿ ಖಾಲಿ ಇತ್ತು, ಖಾಲಿ ಎಂದು ಬರೆದೆ ಎನ್ನುವುದೇ ಅವರ ವಾದ.

ಇನ್ನೊಮ್ಮೆ ನಾವು ಮೂವರೂ ನಾಗರಬಾವಿಗೆ ಒಂದು ಗೃಹಪ್ರವೇಶಕ್ಕೆ ಹೊರಟಿದ್ದೆವು. ದಾರಿಯಲ್ಲಿ ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದ ಕಟ್ಟಡ. ಅದರ ಮೆಟ್ಟಿಲ ತುಂಬ ಚಪ್ಪಲಿ, ಶೂ, ಅದರೊಳಗೆ ತುರುಕಿದ ಕಾಲುಚೀಲ. ಭಾವ ಮೋಡಿಗೆ ಒಳಗಾದವರಂತೆ ನಿಂತುಬಿಟ್ಟರು. ಒಮ್ಮೆ ಬಗ್ಗಿದರು, ಒಮ್ಮೆ ಹಿಂದಕ್ಕೆ ಸರಿದರು, ಕಟ್ಟಡದ ಮೇಲಿಂದ ಕೆಳಗಿನವರೆಗೆ ಕಣ್ಣಾಡಿಸಿದರು. ಅಷ್ಟರಲ್ಲಿ ಓನರ್ ಲುಂಗಿ ಸರಿಮಾಡಿಕೊಳ್ಳುತ್ತ ಓಡಿಬಂದ.

"ಸಾರ್, ಮೂರನೇ ಫ್ಲೋರ್‌ಗೆ ಅಪ್ಲಿಕೇಶನ್ ಹಾಕಿದೀನಿ ಸಾರ್. ಬಿಸಿಲಲ್ಲಿ ಯಾಕೆ ನಿಂತಿದೀರ, ಒಳಗೆ ಬನ್ನಿ, ಎಳನೀರು ಕುಡಿಯಿರಿ. ಕೂತ್ಕೊಂಡು ಮಾತಾಡೋಣ."

"ನನಗೆ ನಿಮ್ಮ ಫ್ಲೋರ್ ಬೇಡಪ್ಪ, ಚಪ್ಪಲಿ ಸಾಕು."

ಕಾರ್ಪೊರೇಷನ್ನಿನವರ ಹೊಸ ಬಗೆಯ ಬೇಡಿಕೆ ಇದೆಂದು ಅವನು ತಿಳಿದಿರಬೇಕು, ಮುಖ ಬಿಳಿಚಿಕೊಂಡಿತು. ನಾವು ತಲುಪುವ ಹೊತ್ತಿಗೆ ಗೃಹಪ್ರವೇಶದ ಮನೆಯಲ್ಲಿ ಊಟದ ಎಲೆ ಎತ್ತುತ್ತಿದ್ದರು. ಬಾಗಿಲಲ್ಲಿ ಫೋಟೋಗೆ ನಿಲ್ಲೋಣವೆಂದು ಹೊಸ ಸೀರೆ ಉಟ್ಟು ಬಂದಿದ್ದ ಅಕ್ಕ ಗಂಡನ ಕಡೆ ನೋಡಿದಳು. ಭಾವ ಫೋನನ್ನು ಜೇಬಿಗಿಳಿಸಿ ಹೇಳಿದರು: "ಇವತ್ತಿನ ಫೋಟೋ ಆಯ್ತು."

ನೀವು ನಗುತ್ತಿದ್ದೀರಿ. ನಾನೂ ಆಗ ನಗುತ್ತಿದ್ದೆ. ಅಕ್ಕ ನಗುತ್ತಿರಲಿಲ್ಲ.

ಅವರ ಮದುವೆಗೆ ಐವತ್ತು ತುಂಬಿದಾಗ ಮಗಳು ಮನೆಯಲ್ಲೇ ಒಂದು ಲಂಚ್ ಇಟ್ಟುಕೊಂಡಳು. ಅಕ್ಕ ನೇರಳೆ ಬಣ್ಣದ ಮೈಸೂರು ಸಿಲ್ಕ್ ಉಟ್ಟು, ಮಲ್ಲಿಗೆ ಮುಡಿದು ಹಾಲಿಗೆ ಬಂದಳು. ಎಪ್ಪತ್ತು ದಾಟಿದ ಹೆಂಗಸು ಅಷ್ಟು ಚೆನ್ನಾಗಿ ಕಾಣಬಾರದು, ತಂಗಿಯಂದಿರಿಗೆ ಹೊಟ್ಟೆಕಿಚ್ಚಾಗುತ್ತದೆ. ಗಂಡನ ಮುಂದೆ ಬಂದು ನಿಂತು, "ರೀ, ಒಂದು ತೆಗೀರಿ" ಎಂದಳು. ಅಷ್ಟೇ ಮಾತು.

"ಬೆಳಗ್ಗೇನೇ ಆಯ್ತಲ್ಲ" ಎಂದರು ಭಾವ. ಬೆಳಗ್ಗೆ ಏನು ತೆಗೆದಿದ್ದರು ಗೊತ್ತೇ? ಕತ್ತರಿಸಿದ ಹಾಲಿನ ಪ್ಯಾಕೆಟ್ಟಿನ ಮೂಲೆ!

ನಾನು ತಕ್ಷಣ ನನ್ನ ಫೋನ್ ತೆಗೆದೆ. "ಬಾರೇ, ನಾನು ತೆಗೀತೀನಿ. ನನ್ನದು ಅವರದಕ್ಕಿಂತ ಒಳ್ಳೆ ಕ್ಯಾಮೆರಾ."

"ಬೇಡ ಕಣೇ. ಅವರೇ ತೆಗೀಬೇಕು. ಮನೇಲೇ ಒಬ್ಬರನ್ನ ಇಟ್ಕೊಂಡು ಊರವರ ಮುಂದೆ ನಿಂತ್ಕೊಳ್ಳಲಾ?"

"ಡೋಂಟ್ ಬಿ ಸಿಲ್ಲಿ ಅಕ್ಕಾ!"

"ಸಿಲ್ಲಿ ಅಂದ್ರೆ ಸಿಲ್ಲಿನೇ. ಬಿಡು."

ಅಂದಿನಿಂದ ಅವಳದೂ ಒಂದು ರೂಲು ಶುರುವಾಯಿತು. ಯಾರ ಮನೆಯ ಫಂಕ್ಷನ್ನೇ ಇರಲಿ, ಯಾರಾದರೂ ಫೋನ್ ಎತ್ತಿದರೆ ಸೆರಗು ಮುಖಕ್ಕೆ ಹಿಡಿದು ಅಡಿಗೆಮನೆಗೆ ಹೊರಟುಬಿಡುತ್ತಿದ್ದಳು. ಹಟದಲ್ಲಿ ಗಂಡಹೆಂಡಿರಿಗೆ ಎಂಥ ಮ್ಯಾಚಿಂಗ್! ಆದರೆ ಬೆಳಗ್ಗೆ ಕಾಫಿಯ ಹೊತ್ತಿಗೆ ಮಾತ್ರ ಮುಖ ತೊಳೆದು, ತಲೆ ಬಾಚಿ, ಕುಂಕುಮ ತಿದ್ದಿಕೊಂಡು ಗಂಡನ ಎದುರಿಗೆ ಸುಳಿದಾಡುತ್ತಿದ್ದಳು. ಅವರ ಮನೆಯಲ್ಲಿ ಉಳಿದುಕೊಂಡಾಗಲೆಲ್ಲ ನಾನೇ ಕಣ್ಣಾರೆ ನೋಡಿದ್ದೇನೆ. ಭಾವ ಫೋನ್ ಎತ್ತುತ್ತಿದ್ದರು. ಅಕ್ಕ ಉಸಿರು ಬಿಗಿಹಿಡಿಯುತ್ತಿದ್ದಳು. ಕಚಕ್! ಆಮೇಲೆ ಗ್ರೂಪಿನಲ್ಲಿ: "ಗುರುವಾರ. ಕಾಫಿ ತಂದ ಕೈ."

ಒಂದು ದಿನ ಅಕ್ಕ ಮಧ್ಯಾಹ್ನ ಮಲಗಿದವಳು ಏಳಲಿಲ್ಲ.

ನಮ್ಮಲ್ಲಿ ಸಾವಾದ ಮನೆಯಲ್ಲಿ ಮೊದಲು ಬೇಕಾಗುವುದು ಒಂದು ಫೋಟೋ. ದೀಪ ಹಚ್ಚಿಡಲು, ಹಾರ ಹಾಕಲು, ವೈಕುಂಠ ಸಮಾರಾಧನೆಯ ದಿನ ಬಂದವರು ಕೈಮುಗಿಯಲು. ಮಗಳು ಅಪ್ಪನ ಫೋನನ್ನು ಹಿಡಿದು ಹುಡುಕಿದಳು, ಪಕ್ಕದಲ್ಲಿ ನಾನು. ಅಕ್ಕನ ಮೊಣಕೈ ಸಿಕ್ಕಿತು. ಹಿಮ್ಮಡಿ ಸಿಕ್ಕಿತು. ಬಟ್ಟೆ ಒಣಹಾಕುವ ಬೆನ್ನು ಸಿಕ್ಕಿತು. ಜಡೆಯ ತುದಿ, ಹಿಟ್ಟು ಮೆತ್ತಿದ ಬೆರಳು, ಬಾಗಿಲ ಮರೆಗೆ ಹೋಗುತ್ತಿದ್ದ ಸೀರೆಯ ಅಂಚು. ಥೇಟ್ ಸ್ಪೇರ್ ಪಾರ್ಟ್ಸ್ ಅಂಗಡಿ! ಮಗಳ ಮದುವೆಯ ಆಲ್ಬಮಿನಲ್ಲಿ ಅಕ್ಕ ಪ್ರತಿ ಪುಟದಲ್ಲೂ ಯಾರಿಗೋ ಆರತಿ ಎತ್ತುತ್ತ, ಬಡಿಸುತ್ತ ತಲೆ ತಗ್ಗಿಸಿದ್ದಾಳೆ. ಅವಳದೇ ಮದುವೆಯ ಫೋಟೋ ಇಟ್ಟರೆ ಇಪ್ಪತ್ತರ ಹುಡುಗಿ ಸತ್ತಳೆಂದುಕೊಂಡಾರು. ನಮ್ಮೆಲ್ಲರ ಫೋನಿನಲ್ಲಿ ಇದ್ದದ್ದು ಮುಖಕ್ಕೆ ಹಿಡಿದ ಸೆರಗು ಮಾತ್ರ. ಕೊನೆಗೆ ಉಳಿದದ್ದು ಆಧಾರ್ ಕಾರ್ಡು.

ಆಧಾರ್ ಫೋಟೋದಲ್ಲಿ ಯಾರು ತಾನೆ ಮನುಷ್ಯರ ಹಾಗಿರುತ್ತಾರೆ? ಅಕ್ಕ ಕಳ್ಳಿಯ ಹಾಗೆ ದುರುಗುಟ್ಟಿಕೊಂಡಿದ್ದಳು. ಸ್ಟುಡಿಯೋದವನು ಅದನ್ನು ಕಂಪ್ಯೂಟರಿಗೆ ಹಾಕಿ, ತುಂಬ ಗೌರವದಿಂದಲೇ ಕೇಳಿದ.

"ಮೇಡಂ, ಅಮ್ಮೋರಿಗೆ ಯಾವ ಕಲರ್ ಸೀರೆ ಹಾಕ್ಲಿ?"

"ಹಾಕೋದು ಅಂದ್ರೆ?"

"ಬಾಡಿ ರೆಡಿ ಇರುತ್ತೆ ಮೇಡಂ, ಮುಖ ಮಾತ್ರ ಕೂರಿಸ್ತೀವಿ. ಕೆಂಪು ಎಲ್ಲರೂ ತಗೋತಾರೆ. ಸರ ಬೇಕು ಅಂದ್ರೆ ಸರಾನೂ ಹಾಕ್ತೀನಿ."

ಹೀಗೆ ನನ್ನ ಅಕ್ಕ ಯಾರದೋ ಮೈಯಲ್ಲಿ, ಜನ್ಮದಲ್ಲಿ ಉಡದ ಕೆಂಪು ರೇಷ್ಮೆ ಉಟ್ಟು, ಎರಡೆಳೆ ಚಿನ್ನದ ಸರ ಹಾಕಿಕೊಂಡು ಮನೆಗೆ ಬಂದಳು. ಭಾವ ಅದರ ಮುಂದೆ ಬಹಳ ಹೊತ್ತು ನಿಂತಿದ್ದರು. ಆಮೇಲೆ ನನ್ನನ್ನು ಕೇಳಿದರು: "ಯಾರಿದು?"

ಸಮಾರಾಧನೆಯ ದಿನ ಊಟ ನಡೆಯುತ್ತಿತ್ತು. ನಾನು ಹಿತ್ತಲಿನಲ್ಲಿದ್ದೆ. ಹಿಂದಿನಿಂದ ಅದೇ ಸದ್ದು, ಕಚಕ್! ತಿರುಗಿದರೆ ಭಾವ, ಅಕ್ಕ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಮುಂದೆ ಫೋನ್ ಹಿಡಿದು ಬಗ್ಗಿದ್ದರು. ನನಗೆ ಸಿಟ್ಟು ಬಂದರೆ ಇಂಗ್ಲಿಷ್ ಬರುತ್ತದೆ, ಕಾನ್ವೆಂಟಿನ ಕೊಡುಗೆ.

"ಹ್ಯಾವ್ ಯು ನೋ ಶೇಮ್?" ಎಂದು ಕಿರುಚಿದೆ. "ಬದುಕಿದ್ದಾಗ ಒಂದು ಫೋಟೋಗೆ ಬಾಯಿಬಿಟ್ಟು ಕೇಳಿದಳು, ತೆಗೀಲಿಲ್ಲ. ಈಗ ಕಲ್ಲು ತೆಗೀತೀರಾ? ತೆಗೀರಿ, ಗ್ರೂಪಿಗೆ ಹಾಕಿ! ಶನಿವಾರ, ಕಲ್ಲು ಅಂತ ಬರೀರಿ!"

ಬಡಿಸುವವರು ಸಾರಿನ ಪಾತ್ರೆ ಹಿಡಿದು ನಿಂತುಬಿಟ್ಟರು. ಭಾವ ಫೋನ್ ಕೆಳಗಿಳಿಸಿದರು. ನನ್ನ ಮುಖವನ್ನೇ ನೋಡುತ್ತಿದ್ದರು, ಏನೋ ಕಳೆದುಕೊಂಡದ್ದು ಕಂಡವರ ಹಾಗೆ. ನನಗೆ ಇನ್ನಷ್ಟು ಉರಿಯಿತು.

ಆಮೇಲೆ ಗ್ರೂಪಿಗೆ ಫೋಟೋ ಬರುವುದು ನಿಂತಿತು. ಗುಡ್ ರಿಡೆನ್ಸ್, ಪೀಡೆ ತೊಲಗಿತು ಎಂದುಕೊಂಡೆ. ರಾಜಾಜಿನಗರದ ನನ್ನ ಮನೆಯಿಂದ ವಿಜಯನಗರವೇನೂ ದೂರವಿಲ್ಲ, ಆದರೂ ಹೋಗಲಿಲ್ಲ. ಬೇಸಿಗೆಯಲ್ಲಿ ಅಕ್ಕನ ಮಗಳು ಫೋನ್ ಮಾಡಿ, "ಚಿಕ್ಕಮ್ಮ, ಅಪ್ಪ ಸರಿಯಾಗಿ ಊಟ ಮಾಡ್ತಿಲ್ಲ. ನೀವು ಉಪ್ಪಿನಕಾಯಿ ಹಾಕಿದ್ರೆ ಸ್ವಲ್ಪ ಕೊಡ್ತೀರಾ?" ಎಂದು ಕೇಳಿದಳು. ಉಪ್ಪಿನಕಾಯಿಗೆ ದ್ವೇಷವಿಲ್ಲವಲ್ಲ, ತೆಗೆದುಕೊಂಡು ಹೋದೆ. ಭಾವನೂ ನಾನೂ ಬಿಸಿಲಿನ ಬಗ್ಗೆ, ನೀರಿನ ಬಗ್ಗೆ ನಾಲ್ಕು ಮಾತಾಡಿದೆವು. ಆಟೋ ಬುಕ್ ಮಾಡಿ ಹೊರಟೆ. ಗೇಟು ದಾಟಿ ರಸ್ತೆಗೆ ಬಂದರೆ ಹಿಂದೆಯೇ ಭಾವ, ಕೈಯಲ್ಲಿ ಫೋನು.

"ಒಂದು ನಿಮಿಷ ನಿಂತ್ಕೊಮ್ಮ. ಈ ಕಡೆ ತಿರುಗು."

ನನ್ನ ಹಿಂದೆ ಸ್ಕೂಟರೋ ಕಸದ ಬುಟ್ಟಿಯೋ ಇರಬೇಕೆಂದು ಪಕ್ಕಕ್ಕೆ ಸರಿದೆ. ಫೋನೂ ನನ್ನ ಜೊತೆ ಸರಿಯಿತು.

"ಭಾವ, ನನ್ನ ಮುಖ ಬರುತ್ತೆ."

"ಬರಲಿ."

ಏನು ಮಾಡಬೇಕೆಂದು ತಿಳಿಯದೆ ನಕ್ಕೆ.

"ನಗಬೇಡ. ನಕ್ಕರೆ ನೀನು ನಿನ್ನ ಹಾಗೇ ಇರ್ತೀಯ. ಬೈಯಿ. ಬೈಯುವಾಗ ಹುಬ್ಬಿನ ಹತ್ತಿರ ನೀನು ಅವಳ ಹಾಗೇ ಆಗ್ತೀಯ. ಅವತ್ತು ಹಿತ್ತಲಲ್ಲಿ ನೋಡಿದೆ." ಫೋನಿನ ಕಡೆ ನೋಡಿ, "ನನ್ನ ಹತ್ತಿರ ಇಲ್ಲಮ್ಮ ಅದು" ಎಂದರು.

ಬೈಯಲು ನನಗೆ ಹೇಳಿಕೊಡಬೇಕೇ? ಎಷ್ಟು ವರ್ಷದ ಸ್ಟಾಕು ನನ್ನಲ್ಲಿತ್ತು! ಹೆಂಚಿಗೆ ಬೇರೆ, ಹಾಲಿನ ಪ್ಯಾಕೆಟ್ಟಿಗೆ ಬೇರೆ, ಒಗೆಯುವ ಕಲ್ಲಿಗೆ ಬೇರೆ. ಆ ಗಳಿಗೆಯಲ್ಲಿ ಒಂದಾದರೂ ಬಾಯಿಗೆ ಬರಬೇಕಲ್ಲ, ಇಂಗ್ಲಿಷಿನಲ್ಲೂ ಬರಲಿಲ್ಲ. ಭಾವ ಎರಡು ಕೈಯಲ್ಲೂ ಫೋನ್ ಎತ್ತಿ ಹಿಡಿದು ಕಾಯುತ್ತಿದ್ದರು. ಕಾಯುತ್ತ ಒಂದು ಕಾಲೆತ್ತಿ ಇನ್ನೊಂದು ಕಾಲಿನ ಮೇಲೆ ಊರುತ್ತಿದ್ದರು. ಆಗ ನೋಡಿದೆ, ಕಾದ ಟಾರು ರಸ್ತೆಯ ಮೇಲೆ ಬರಿಗಾಲು.

"ಈ ಬಿಸಿಲಲ್ಲಿ ಚಪ್ಪಲಿ ಇಲ್ಲದೆ ಬಂದು ನಿಂತಿದ್ದೀರಲ್ಲ, ಬುದ್ಧಿ ಇದೆಯೇನ್ರೀ ನಿಮಗೆ? ಕಾಲಿಗೆ ಬೊಬ್ಬೆ ಬಂದ್ರೆ ನೋಡ್ಕೊಳ್ಳೋರು ಯಾರು? ಒಳಗೆ ಹೋಗಿ ಮೊದಲು!"

ತೆಗೆದರು. ಬಿಸಿಲಿಗೆ ಅಂಗೈ ಮರೆ ಮಾಡಿಕೊಂಡು ನೋಡಿದರು. "ಹಾಂ" ಎಂದರು, ಅಷ್ಟೇ.

"ಆಂಟಿ, ಹೋಗೋಣ್ವಾ?" ಎಂದ ಆಟೋದವನು. ಹತ್ತಿ ಕೂತೆ. ರಸ್ತೆಯ ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಭಾವ ಇನ್ನೂ ಒಳಗೆ ಹೋಗಿರಲಿಲ್ಲ. ಫೋನಿನ ಮೇಲೆ ಬಗ್ಗಿಕೊಂಡು, ಸುಡುವ ರಸ್ತೆಯಲ್ಲಿ ಅಲ್ಲೇ ನಿಂತಿದ್ದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.