ಮಹಿಳಾ ಪ್ರೋತ್ಸಾಹದ ಬೀಗದ ಕೈ

“ಒಂದು ಫೋಟೋ ಮೇಡಂ, ಒಂದೇ ಒಂದು! ಅವಳು ಕಂಪ್ಯೂಟರ್ ಮುಂದೆ ಕೂತು ನಕ್ಕರೆ ಸಾಕು.”

“ಅವಳು ಬಂದಿರೋದು ಕೋರ್ಸ್ ಬಿಡೋಕೆ ಸರ್. ಹೇಗೆ ನಗ್ತಾಳೆ?”

ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಿಗೆ ತಲೆ ಕೆಟ್ಟುಹೋಗಿತ್ತು. ‘ತಂತ್ರಜ್ಞಾನಕ್ಕೆ ಹೆಣ್ಣುಮಕ್ಕಳು’ ಎಂಬ ಕರಪತ್ರ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಎರಡನೇ ವರ್ಷದಲ್ಲಿ ಉಳಿದವಳೇ ಒಬ್ಬಳು. ಅವಳೂ ಅರ್ಜಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಲ್ಯಾಬ್ ಮೇಡಂಗೆ ಇದೇನು ಹೊಸದಲ್ಲ. ಹೀಗೆ ಒಬ್ಬೊಬ್ಬಳೇ ಹೋಗುವುದನ್ನು ಅವರು ನೋಡುತ್ತಲೇ ಬಂದಿದ್ದರು.

“ಪಾಠ ಕಷ್ಟ ಆಯ್ತೇನಮ್ಮಾ? ಹುಡುಗೀರಿಗೆ ಕೋಡಿಂಗ್ ಸ್ವಲ್ಪ...”

“ಕ್ಲಾಸಿಗೇ ಮೊದಲು ಅವಳು,” ಎಂದರು ಮೇಡಂ.

“ಮತ್ತೇನು ತೊಂದರೆ?”

“ಟಾಯ್ಲೆಟ್ಟು ಸರ್,” ಎಂದಳು ಹುಡುಗಿ. “ನಮ್ಮ ಮಹಡಿಯದಕ್ಕೆ ಬೀಗ. ನಾಲ್ಕು ಮಹಡಿ ಇಳಿದು ಲೈಬ್ರರಿಗೆ ಹೋಗಿ ಬರೋಷ್ಟರಲ್ಲಿ ಲ್ಯಾಬಲ್ಲಿ ಆಬ್ಸೆಂಟ್ ಹಾಕಿರ್ತಾರೆ. ಅದಕ್ಕೆ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ಎರಡು ಸಲ ಆಸ್ಪತ್ರೆ ಸೇರಿದೆ. ಸಾಕಾಯ್ತು.”

“ಅಯ್ಯೋ, ಇಷ್ಟೇನಾ! ಮಹಿಳಾ ಪ್ರೋತ್ಸಾಹ ಸಮಿತಿ ಅಂತ ಇದೆಯಲ್ಲ, ಅವರಿಗೆ ಹೇಳೋದಲ್ವಾ?”

“ಏಳು ಸಲ ಬರೆದುಕೊಟ್ಟೆ ಸರ್,” ಎಂದರು ಮೇಡಂ. “ಏಳು ಸಲವೂ ‘ಪರಿಶೀಲಿಸಲಾಗುವುದು’. ಪಾಪ, ಸಮಿತಿಯ ಐದೂ ಜನ ಗಂಡಸರು. ಆ ಬಾಗಿಲ ಕಡೆ ಅವರಿಗೇನು ಕೆಲಸ?”

“ಬೇಜವಾಬ್ದಾರಿ ಜನ! ಯಾರ್ರೀ ಅದರ ಅಧ್ಯಕ್ಷ? ಕರೆಸಿ, ಚಳಿ ಬಿಡಿಸ್ತೀನಿ!”

“ಕರೆಸೋದೇನು ಬಂತು? ಇಲ್ಲೇ ಕೂತಿದಾರಲ್ಲ.”

ಮುಖ್ಯಸ್ಥರು ಹಿಂತಿರುಗಿ ನೋಡಿದರು. ಬೀರು ಬಿಟ್ಟರೆ ಯಾರೂ ಇರಲಿಲ್ಲ.

“ನಾ... ನಾನಾ?”

“ಮೂರು ವರ್ಷದಿಂದ. ಬೀಗದ ಕೈನೂ ನಿಮ್ಮ ಡ್ರಾಯರಲ್ಲೇ ಇದೆ. ಪೋಸ್ಟರ್ ಹಾಳಾಗಬಾರದು ಅಂತ ನೀವೇ ಇಟ್ಕೊಂಡ್ರಿ.”

“ಯಾವ ಪೋಸ್ಟರ್?”

ಟಾಯ್ಲೆಟ್ಟಿನ ಬೀಗ ತೆಗೆದಾಗ ಗೊತ್ತಾಯಿತು. ನೆಲದಿಂದ ಎದೆಮಟ್ಟಕ್ಕೆ ಕಟ್ಟುಕಟ್ಟು ಪೋಸ್ಟರು. ಮೇಲಿನದರಲ್ಲಿ ದಪ್ಪಕ್ಷರ: ‘ಹೆಣ್ಣುಮಕ್ಕಳೇ, ಈ ಬಾಗಿಲು ನಿಮಗೆ ಸದಾ ತೆರೆದಿದೆ!’

“ಇಷ್ಟನ್ನೂ ಎಲ್ಲಿ ಇಡೋದ್ರೀ? ಜಾಗ ಎಲ್ಲಿದೆ?”

“ನಿಮ್ಮ ರೂಮಿದೆಯಲ್ಲ ಸರ್. ಎಷ್ಟು ವಿಶಾಲ!”

ಮುಖ್ಯಸ್ಥರೇ ಕೋಟು ಬಿಚ್ಚಿ ಕಟ್ಟು ಹೊತ್ತರು. ಇಪ್ಪತ್ತನೆಯ ಕಟ್ಟು ಹೊರುವಾಗ ಏದುಸಿರು ಬಂತು. ಮೇಡಂ ಕೈ ಕಟ್ಟಿಕೊಂಡು ಎಣಿಸುತ್ತಿದ್ದರು. ಕರುಣೆ ಚೂರೂ ಬರಲಿಲ್ಲ.

“ಆಯ್ತಲ್ಲಮ್ಮಾ? ಆ ಅರ್ಜಿ ಹರಿದುಹಾಕು. ಬಾ, ಈಗಾದ್ರೂ ಫೋಟೋಗೆ ನಗು!”

ಹುಡುಗಿ ಅರ್ಜಿ ಹರಿಯಲಿಲ್ಲ. ಅದನ್ನು ಮೇಡಂ ಕೈಗೆ ಕೊಟ್ಟಳು.

“ಮೊದಲು ನಲ್ಲೀಲಿ ನೀರು ಬರುತ್ತಾ ನೋಡ್ತೀನಿ ಸರ್. ಬಂದ್ರೆ ನಗ್ತೀನಿ.”

ಒಳಗೆ ನಲ್ಲಿ ಗೊರಗೊರ ಎಂದಿತು, ಕೆಮ್ಮಿತು, ಆಮೇಲೆ ಧಾರಾಕಾರವಾಗಿ ಸುರಿಯಿತು. ಮೇಡಂ ಅರ್ಜಿಯನ್ನು ನಾಲ್ಕು ಚೂರು ಮಾಡಿ ಮುಖ್ಯಸ್ಥರ ಕೈಗಿಟ್ಟರು.

“ಸ್ವಲ್ಪ ತಡೀರಿ ಸರ್, ಫೋಟೋ ತಡ ಆಗುತ್ತೆ. ಅವಳಾದ ಮೇಲೆ ಸರದಿ ನನ್ನದು. ನಾನೂ ಮೂರು ವರ್ಷದಿಂದ ಲೈಬ್ರರಿಗೇ ಹೋಗ್ತಿದೀನಿ.”