ಮಳೆಗಾಲದಲ್ಲಿ ಪರಸಿ ಮಾರಲು ಹೊರಟಾಗ

ಮಳೆಗಾಲದಲ್ಲಿ ಪರಸಿ ಮಾರಲು ಹೊರಟವನಿಗೆ ನೆಟ್ಟಗೆ ಸಾಗುವ ದಿನ ಅಂತ ಒಂದೂ ಸಿಗುವುದಿಲ್ಲ. ಬೆಳಿಗ್ಗೆ ಗಿರಾಕಿ ಹುಡುಕಲು ಹೋಗುತ್ತಿದ್ದೆ, ಸಂಜೆ ತಲೆ ಕೆರೆದುಕೊಳ್ಳುತ್ತ ಬರುತ್ತಿದ್ದೆ.

ಎಂಬತ್ತರ ದಶಕದ ಮಾತು. ನಮ್ಮ ಸೋದರಮಾವ ಆಳಂದದಲ್ಲಿ ಪರಸಿ ಗುತ್ತೇದಾರರು. ಪರಸಿ ಎಂದರೆ ಹಾಸುಗಲ್ಲು; ಶಹಾಬಾದ್ ಕಡೆಯ ಬೂದು ಬಣ್ಣದ್ದನ್ನು ತರಿಸಿ ಜನರ ಅಂಗಳಕ್ಕೆ, ಕಟ್ಟೆಗೆ ಹಾಸಿಕೊಡುವುದು ಅವರ ಧಂದೆ. ದೀಪಾವಳಿಯಿಂದ ಬೇಸಿಗೆ ಮುಗಿಯುವವರೆಗೆ ಉಸಿರಾಡಲು ಪುರುಸೊತ್ತಿಲ್ಲ. ಜೂನ್ ತಿಂಗಳ ಮಿರಗದ ಮಳೆ ಬಿತ್ತೆಂದರೆ ಅಂಗಡಿ ಮುಂದೆ ನಾಯಿ ಬಿಟ್ಟು ಯಾರೂ ನಿಲ್ಲುವುದಿಲ್ಲ.

ಕೆಲಸ ನಿಂತರೆ ಕಲ್ಲು ಹಾಸುವ ನಮ್ಮ ಇಬ್ಬರು ಗೌಂಡಿಗಳು ಕೂಲಿ ಹುಡುಕಿ ಸೋಲಾಪುರದ ದಾರಿ ಹಿಡಿಯುತ್ತಿದ್ದರು. ಹಿಂದಿನ ವರ್ಷ ಹೋದವರು ದೀಪಾವಳಿ ಕಳೆದರೂ ಬರಲಿಲ್ಲ. ಕಾದು ಕಾದು ಗಿರಾಕಿಗಳು ಬೇರೆಯವರನ್ನು ಹಿಡಿದರು.

“ಈ ಸಲಾನೂ ಅವರು ಹೋದ್ರಂದ್ರ ದುಕಾನ ಮುಚ್ಚೋದೇ ನೋಡು,” ಎಂದರು ಮಾಮ. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನ ತಲೆಗೆ ಪ್ರಚಾರದ ಕೆಲಸ ಬಿತ್ತು. ನನ್ನ ಲೆಕ್ಕ ಸರಳವಾಗಿತ್ತು. ಅಂಗಳ ರಾಡಿಯಾದಾಗಲೇ ತಾನೇ ಜನರಿಗೆ ಪರಸಿ ನೆನಪಾಗಬೇಕು?

ಡಂಗುರ

ಮೊದಲು ಅಫಜಲಪುರ ಕಡೆಯ ಅತನೂರಿಗೆ ಹೋದೆ. ಹಲಗಿ ಬಾರಿಸಿ ಡಂಗುರ ಸಾರುವ ಮುದುಕನನ್ನು ಹುಡುಕಿ ಬಾಯಿಪಾಠ ಮಾಡಿಸಿದೆ: “ಆಳಂದದ ಪರಸಿ ಗುತ್ತೇದಾರರ ಕಡಿಯವರು ಬಂದಾರ. ಅಂಗಳಕ್ಕ ಪರಸಿ ಹಾಕಿಸ್ಕೊಳ್ಳವರು ಚಾವಡಿಗಿ ಬರಬೇಕು.” ತಪ್ಪಿಲ್ಲದೆ ಒಪ್ಪಿಸಿದ. ನಾನು ಚಾವಡಿಯಲ್ಲಿ ಚಹಾ ಕುಡಿಯುತ್ತ ಕೂತೆ.

ಚಹಾ ಮುಗಿಯುವುದರೊಳಗೆ ಅರ್ಧ ಊರೇ ಬಂತು. ನನಗೆ ಖುಷಿಯೋ ಖುಷಿ. ಆದರೆ ಬಂದವರಲ್ಲಿ ಒಬ್ಬರೂ ಗಿರಾಕಿಯ ಹಾಗೆ ಕಾಣಲಿಲ್ಲ. ಎಲ್ಲರೂ ಕೈಮುಗಿದು ನಿಂತಿದ್ದರು.

“ಸಾಹೇಬ್ರ, ಈ ವರ್ಷ ಬಿಟ್ಟುಬಿಡ್ರಿ. ಬಿತ್ತೋ ಗಡಿಬಿಡಿಯಾಗ ಇದ್ದೇವಿ,” ಎಂದ ಒಬ್ಬ ರೈತ.

ಹಿಂದಿನಿಂದ ಒಬ್ಬ ಅಜ್ಜಿ ನುಗ್ಗಿ ಬಂದಳು. “ನಮ್ಮನಿಗಿ ಅಂಗಳನೇ ಇಲ್ಲೋ ಯಪ್ಪಾ, ಬಾಗಿಲ ತಗದ್ರ ರಸ್ತಾನೇ ಅದ. ನನಗ್ಯಾಕ ದಂಡ?”

“ಯಾವ ದಂಡ ಯವ್ವಾ?”

ವಿಚಾರಿಸಿದ ಮೇಲೆ ತಿಳಿಯಿತು. ಆ ಮುದುಕ ಜೀವಮಾನವಿಡೀ ಸಾರಿದ್ದು ಸರಕಾರಿ ಡಂಗುರ. ಕೊನೆಗೆ “ತಪ್ಪಿದವರಿಗೆ ದಂಡ” ಎಂದರೇನೇ ಅವನಿಗೆ ಡಂಗುರ ಮುಗಿದ ಹಾಗೆ. ನನ್ನ ಪರಸಿಗೂ ಅದನ್ನು ಸೇರಿಸಿದ್ದ. ಇದೇನು ಮಾಡಿದೆ ಮಾರಾಯ ಎಂದು ಕೇಳಿದರೆ ಅವನಿಗೇ ನನ್ನ ಮೇಲೆ ಬೇಸರ.

“ದಂಡದ ಮಾತು ನೀವೇ ಮರ್ತಿದ್ರಿ. ನಾ ನೆನಪಿಟ್ಟು ಸೇರಿಸೀನಿ. ದಂಡಿಲ್ದ ಡಂಗುರಕ್ಕ ಯಾರ ಬರ್ತಾರ್ರಿ?”

ಸ್ಯಾಂಪಲ್

ಜೇವರ್ಗಿಯಲ್ಲಿ ಬಾಯಿಪ್ರಚಾರವೇ ಬೇಡ, ಮಾಲನ್ನೇ ತೋರಿಸೋಣ ಎಂದುಕೊಂಡೆ. ಟೆಂಪೋದಲ್ಲಿ ಪರಸಿ ಹೇರಿಕೊಂಡು ಹೋಗಿ ಅನುಕೂಲಸ್ಥರ ಮನೆಗೆ ಒಂದೊಂದು ಕಲ್ಲು ಇಳಿಸಿ ಬಂದೆ. “ಅಂಗಳದಾಗ ಇಟ್ಟು, ಮ್ಯಾಲ ಕಾಲಿಟ್ಟು ನೋಡ್ರಿ. ಮನಸಿಗಿ ಬಂದ್ರ ಆರ್ಡರ್ ಕೊಡ್ರಿ, ಇಲ್ಲಾಂದ್ರ ವಾಪಸ್ ಒಯ್ತೇನಿ.” ಎಲ್ಲರೂ ತಲೆಯಾಡಿಸಿದರು.

ಎರಡು ವಾರ ಬಿಟ್ಟು ಹೋದೆ. ಒಂದು ಮನೆಯಲ್ಲಿ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಇನ್ನೊಂದು ಮನೆಯಲ್ಲಿ ಅದರ ಮೇಲೆ ನೀರಿನ ಹಂಡೆ ಕೂತಿತ್ತು. ಮೂರನೆಯ ಮನೆಯಲ್ಲಿ ಕಲ್ಲೇ ಇಲ್ಲ.

“ಭಾಳ ಛಲೋ ಕಲ್ಲು ನೋಡ್ರಿ ತಮ್ಮಾ,” ಎಂದು ಆ ಮನೆಯ ಅಕ್ಕ ಹಿತ್ತಲಿಗೆ ಕರೆದೊಯ್ದರು. ಅಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವು. ಹಳೆಯ ಮುಚ್ಚಳ ಒಡೆದಿತ್ತಂತೆ. ನಮ್ಮ ಪರಸಿಯಿಂದ ಅದರ ಬಾಯಿ ಮುಚ್ಚಿ, ಮೇಲೆ ಮಣ್ಣು ಮೆತ್ತಿ, ಸೆಗಣಿಯಿಂದ ಸಾರಿಸಿಬಿಟ್ಟಿದ್ದರು.

“ಕಲ್ಲು ವಾಪಸ್ ಬೇಕಿತ್ತಲ್ಲ ಅಕ್ಕಾರ?”

“ಈಗ ತಗದ್ರ ಮಳಿನೀರು ಹೊಕ್ಕು ಜ್ವಾಳ ಮುಗ್ಗಲ ಹಿಡೀತಾವ. ದೀಪಾವಳಿಗಿ ಬರ್ರಿ.”

“ಹಂಗಾರ ಅಂಗಳದ ಆರ್ಡರ್?”

“ಅದಿರ್ಲಿ. ನಮ್ಮ ನೆಗೆಣ್ಣಿ ಮನ್ಯಾಗೂ ಒಂದು ಹಗೇವು ಅದ. ಅಕಿಗೂ ಒಂದು ಸ್ಯಾಂಪಲ್ ಕೊಡ್ರಿ.”

ರಿಯಾಯಿತಿ

ಇಷ್ಟಾದ ಮೇಲೆ ಮಾಮ ತಾವೇ ಮುಂದೆ ಬಂದರು. ಅಂಗಡಿಗೆ “ಮಳೆಗಾಲದ ರಿಯಾಯಿತಿ” ಎಂಬ ಬೋರ್ಡು ಬಿತ್ತು. ಆಳಂದದ ಒಬ್ಬ ಕಿರಾಣಿ ವ್ಯಾಪಾರಿ ಅದನ್ನು ಓದಿ ಒಳಗೆ ಬಂದರು, ಒಂದು ಕಲ್ಲನ್ನು ಮೂಸಿ ನೋಡಿದರು.

“ಅಗ್ಗ ಯಾಕ ಮಾಡೀರಿ? ಮಾಲು ಕೆಟ್ಟದೇನು?”

ಮಾಮ ನಕ್ಕರು. “ಕಲ್ಲು ಎಂದರ ಕೆಡ್ತಾವೇನ್ರಿ ಶೆಟ್ರ? ನೂರು ವರ್ಷ ಇಟ್ರೂ ಹಿಂಗೇ ಇರ್ತಾವ.”

“ಖರೇನ್ರಿ?”

“ಖರೇನೇ.”

“ಹಂಗಾರ ಅವಸರೇನದ? ಬ್ಯಾಸಗಿಗಿ ತಗೋತೇನಿ ಬಿಡ್ರಿ,” ಎಂದು ಛತ್ರಿ ಬಿಚ್ಚಿಕೊಂಡು ಹೋದರು.

ಕಟ್ಟೆ

ಗೌಂಡಿಗಳು ಟ್ರಂಕು ಕಟ್ಟಿಟ್ಟುಕೊಂಡಿದ್ದರು. ಇಬ್ಬರೂ ಅಣ್ಣತಮ್ಮಂದಿರು. “ನಾಗರಪಂಚಮಿ ಮಾಡ್ಕೊಂಡು ಹೋಗ್ತೇವ್ರಿ,” ಎಂದ ಅಣ್ಣ. ಮಾಮ ಆ ದಿನ ಊಟ ಮಾಡಲಿಲ್ಲ.

ಆಗ ನನಗೆ ಹೊಳೆದದ್ದು ನರೋಣಾದ ಬೇವಿನ ಮರ. ಅದರ ಕೆಳಗೆ ಜನ ರಾಡಿಯಲ್ಲಿ ನಿಂತು ಬಸ್ಸಿಗೆ ಕಾಯುತ್ತಿದ್ದರು. ಅಲ್ಲೊಂದು ಕಟ್ಟೆ ಕಟ್ಟಿಸಿ, ಪರಸಿ ಹಾಸಿ, ಅದರ ಮೇಲೆ ಮಾಮನ ಹೆಸರು ಕೆತ್ತಿಸಿದರೆ ಹೇಗೆ? ಬಸ್ಸು ಬರುವವರೆಗೆ ಜನ ಬೇರೇನು ಮಾಡುತ್ತಾರೆ, ಅದನ್ನೇ ಓದಬೇಕು. ಮಾಮ ಒಪ್ಪಿದರು. ಮಳೆ ಬಿಡುವು ಕೊಟ್ಟಾಗ ಗೌಂಡಿಗಳು ಕಟ್ಟೆ ಮುಗಿಸಿದರು. ಮಾಮನ ಹೆಸರು ದೊಡ್ಡದಾಗಿ, ಕೆಳಗೆ “ಪರಸಿ ಗುತ್ತೇದಾರರು, ಆಳಂದ” ಎಂದು ಕೆತ್ತಿಸಿದ್ದಾಯಿತು.

ಒಂದೇ ವಾರದಲ್ಲಿ ಮಹಾರಾಷ್ಟ್ರ ಗಡಿಯ ಹತ್ತಿರದ ಹಿರೋಳ್ಳಿಯಿಂದ ತಲೆಗೆ ಪಟಗ ಸುತ್ತಿದ ಹಿರಿಯರೊಬ್ಬರು ಅಂಗಡಿಗೆ ಬಂದರು. “ನರೋಣಾದ ಕಟ್ಟಿ ನೋಡೇವ್ರಿ. ನಮ್ಮೂರಾಗೂ ಹಂಗೇ ಆಗಬೇಕು, ಅದಕ್ಕಿಂತ ದೊಡ್ಡದು.”

ಮಾಮನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಊರ ಹಿರಿಯರ ಮುಂದೆ ಕೆಲಸಕ್ಕಿಂತ ಮೊದಲು ದರ ಮಾತಾಡುವುದು ಅವರ ಪದ್ಧತಿಯಲ್ಲ. ಗೌಂಡಿಗಳ ಟ್ರಂಕು ಬಿಚ್ಚಿಸಿ ಹಿರೋಳ್ಳಿಗೆ ಕಳಿಸಿದರು. ಅಂಗಡಿಯಲ್ಲಿದ್ದ ಒಳ್ಳೆಯ ಕಲ್ಲೆಲ್ಲ ಅಲ್ಲಿಗೇ ಹೋಯಿತು.

ಕಟ್ಟೆ ಮುಗಿದ ದಿನ ಲೆಕ್ಕ ಮುಗಿಸಿ ಬರೋಣವೆಂದು ಮಾಮ ಮತ್ತು ನಾನು ಹೋದೆವು. ಹೋದರೆ ಬಾಜಾಭಜಂತ್ರಿ. ನಮ್ಮನ್ನು ಮೆರವಣಿಗೆಯಲ್ಲಿ ಕರೆದೊಯ್ದು ಕುರ್ಚಿಯಲ್ಲಿ ಕೂಡಿಸಿದರು. ಮಾಮನಿಗೆ ಮಾಲೆ ಬಿತ್ತು, ಶಾಲು ಬಿತ್ತು, ಕೈಗೆ ತೆಂಗಿನಕಾಯಿ ಬಂತು. ಮಾಮ ನನ್ನತ್ತ ನೋಡಿದರು, ನಾನು ಮಾಮನತ್ತ ನೋಡಿದೆ. ಇಬ್ಬರಿಗೂ ಏನೂ ತಿಳಿಯಲಿಲ್ಲ.

ಅಷ್ಟರಲ್ಲಿ ಅಂಗಡಿಗೆ ಬಂದಿದ್ದ ಆ ಹಿರಿಯರು ಎದ್ದು ನಿಂತು ಹೇಳಿದರು: “ಇಂಥಾ ದಾನಿ ನಮ್ಮ ತಾಲ್ಲೂಕಿನ್ಯಾಗ ಇನ್ನೊಬ್ಬರಿಲ್ಲ!”

ನಮ್ಮ ಕಡೆ ಗುಡಿಯ ಮೆಟ್ಟಿಲಾಗಲಿ ಊರಕಟ್ಟೆಯಾಗಲಿ, ಕಲ್ಲಿನ ಮೇಲೆ ಹೆಸರಿದ್ದರೆ ಅದು ದಾನ ಕೊಟ್ಟವನದೇ. ಹುಟ್ಟಿದಾಗಿನಿಂದ ಕಂಡ ಈ ಸಂಗತಿ ನನಗೆ ಹೊಳೆದದ್ದು ಶಾಲು ನೋಡಿದ ಮೇಲೆ.

ಮಾಮ ಗಡಬಡಿಸಿ ಎದ್ದರು. “ಹಿರಿಯರ, ಗಲತ್ ತಿಳ್ಕೊಂಡೀರಿ. ನಾ ದಾನಿ ಅಲ್ರಿ!”

“ನೋಡ್ರಿ, ನೋಡ್ರಿ!” ಎಂದರು ಹಿರಿಯರು. “ಖರೇ ದಾನಿ ಎಂದೂ ತಾ ದಾನಿ ಅಂತ ಒಪ್ಪಾಂಗಿಲ್ಲ.” ಚಪ್ಪಾಳೆಯೋ ಚಪ್ಪಾಳೆ.

ಇನ್ನು ಮಾಮ ಕಲ್ಲಿನ ದುಡ್ಡು ಕೇಳಿದರೆ ಮರ್ಯಾದೆ ಹೋಗುತ್ತದೆ. ಮೂಲೆಯಲ್ಲಿ ಬಾಯಿ ತೆರೆದು ನಿಂತಿದ್ದ ಗೌಂಡಿಗಳನ್ನು ತೋರಿಸಿ, “ನಂದಿರ್ಲಿ ಬಿಡ್ರಿ. ಈ ಮಂದಿ ಹೊಟ್ಟಿಗಾದ್ರೂ ಏನರ ನೋಡ್ರಿ. ಇಲ್ಲಾಂದ್ರ ಸೋಲಾಪುರಕ್ಕ ಹೋಗ್ತಾರ,” ಎಂದರು.

ಹಿರಿಯರ ಕಣ್ಣು ತುಂಬಿ ಬಂತು. “ತನ್ನ ಸಲುವಾಗಿ ಏನೂ ಕೇಳಲಿಲ್ಲ, ಕೇಳಿದ್ದು ಆಳುಗಳ ಸಲುವಾಗಿ! ಮನಿ ಮನಿಯಿಂದ ಜ್ವಾಳ ತರ್ರಿ!”

ಜನ ಓಡಿದರು. ಮೊರದಲ್ಲಿ, ಬುಟ್ಟಿಯಲ್ಲಿ, ಸೆರಗಿನಲ್ಲಿ ಜೋಳ, ತೊಗರಿಬೇಳೆ, ಮೆಣಸಿನಕಾಯಿ ಬಂದವು. ಗೌಂಡಿಗಳ ಮನೆಮಂದಿ ಮಳೆಗಾಲವೆಲ್ಲ ಉಂಡರೂ ಮಿಗುವಷ್ಟು ಕಾಳು ಗಾಡಿಗೆ ಬಿತ್ತು. ಮಾಮನ ಪಾಲಿಗೆ ಬಂದದ್ದು ಶಾಲು ಮತ್ತು ತೆಂಗಿನಕಾಯಿ.

ವಾಪಸು ಬರುವಾಗ ಮಾಮ ಶಾಲು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಲಾಭವಾಯಿತೋ ನಷ್ಟವಾಯಿತೋ ನನಗೆ ಲೆಕ್ಕ ಸಿಗಲಿಲ್ಲ. ಜೋಳದ ಚೀಲಗಳ ಮೇಲೆ ಕೂತಿದ್ದ ಗೌಂಡಿಗಳು ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ಕೊನೆಗೆ ಅಣ್ಣ ಗಂಟಲು ಸರಿಮಾಡಿಕೊಂಡ.

“ಸಾಹುಕಾರ್ರ, ಸೋಲಾಪುರ ಕ್ಯಾನ್ಸಲ್ ರೀ.”

ಮಾಮ ತಿರುಗಿ ನೋಡಿದರು. ಮುಖ ಅರಳಿತು.

“ಮುಂದಿನ ದಾನ ಯಾವೂರಾಗ ಮಾಡೋಣ್ರಿ?” ಎಂದ ತಮ್ಮ.